ಐದಡಿ ಮೂರಂಗುಲದ ಹಳಿಯ ನಾಡು

ಐರ್ಲೆಂಡಿನ ದಕ್ಷಿಣದಲ್ಲಿರುವ ಕಾರ್ಕ್ ನಗರದ ಕೆಂಟ್ ನಿಲ್ದಾಣದಲ್ಲಿ ರೈಲು ಹತ್ತುವವರೂ ಇಳಿಯುವವರೂ ಒಂದು ಉಗಿ ಎಂಜಿನ್ನಿನ ಪಕ್ಕದಲ್ಲೇ ಹಾದು ಹೋಗುತ್ತಾರೆ. ಅದರ ಸಂಖ್ಯೆ 36. ಲಿವರ್‌ಪೂಲಿನ ಬರಿ, ಕರ್ಟಿಸ್ ಅಂಡ್ ಕೆನಡಿ ಕಾರ್ಖಾನೆ 1847ರಲ್ಲಿ ಕಟ್ಟಿದ ಎಂಜಿನ್ನು. ನಡುವೆ ಒಂದು ಜೊತೆ ದೊಡ್ಡ ಗಾಲಿ, ಹಿಂದೆ ಮುಂದೆ ಒಂದೊಂದು ಜೊತೆ ಸಣ್ಣವು, ಬಾಯ್ಲರಿನ ಹಿಂಬದಿಯಲ್ಲಿ ಗುಮ್ಮಟದ ಆಕಾರದ ಫೈರ್‌ಬಾಕ್ಸ್. ಡ್ರೈವರ್ ನಿಲ್ಲುವ ಜಾಗಕ್ಕೆ ಮಾಡೂ ಇಲ್ಲ, ಗೋಡೆಯೂ ಇಲ್ಲ. ವರ್ಷವಿಡೀ ಮಳೆ ಹನಿಯುವ ಈ ದೇಶದಲ್ಲಿ ಅವನು ಬಯಲಲ್ಲೇ ನಿಂತು ಎಂಜಿನ್ ಓಡಿಸಿದ. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಅಷ್ಟು ಹೊತ್ತಿಗಾಗಲೇ ಈ ಎಂಜಿನ್ನು ಹಳೆಯ ಹುಲಿಯಾಗಿತ್ತು.

ನಾನು ಮೊದಲು ನೋಡಿದ್ದು ಅದರ ಗಾಲಿಗಳ ನಡುವಿನ ಅಗಲವನ್ನು. ಐರ್ಲೆಂಡಿನ ಉಗಿ ಎಂಜಿನ್ನುಗಳ ಕತೆಯನ್ನು ಅಲ್ಲಿಂದಲೇ ಹೇಳಬೇಕು. ಇಲ್ಲಿ ರೈಲು ಶುರುವಾದಾಗ ಒಂದೊಂದು ಕಂಪನಿ ಒಂದೊಂದು ಅಗಲದಲ್ಲಿ ಹಳಿ ಹಾಸಿತು. 1834ರಲ್ಲಿ ತೆರೆದ ಡಬ್ಲಿನ್–ಕಿಂಗ್ಸ್‌ಟೌನ್ ಮಾರ್ಗ ಇಂಗ್ಲೆಂಡಿನ ಹಾಗೆ ನಾಲ್ಕು ಅಡಿ ಎಂಟೂವರೆ ಅಂಗುಲ. ಬೆಲ್‌ಫಾಸ್ಟ್ ಕಡೆಯ ಅಲ್ಸ್ಟರ್ ರೈಲ್ವೆ ಆರಡಿ ಎರಡಂಗುಲ. ಡಬ್ಲಿನ್–ಡ್ರೊಹೆಡಾ ಕಂಪನಿಯದು ಐದಡಿ ಎರಡಂಗುಲ. ಜಗಳ ಹತ್ತಿದಾಗ ಲಂಡನ್ನಿನ ಬೋರ್ಡ್ ಆಫ್ ಟ್ರೇಡ್‌ನ ಅಧಿಕಾರಿ ಪಾಸ್ಲಿ ಬಲ್ಲವರ ಅಭಿಪ್ರಾಯ ಕೇಳಿ, ಬಂದ ಉತ್ತರಗಳನ್ನು ತೂಗಿ ನೋಡಿ, ಐರ್ಲೆಂಡಿನಲ್ಲಿ ಯಾರೂ ಹಾಸಿರದಿದ್ದ ಐದಡಿ ಮೂರಂಗುಲವನ್ನು ಗೊತ್ತುಮಾಡಿದ. 1846ರಲ್ಲಿ ಅದೇ ಕಾನೂನಾಯಿತು. ಮಿಲಿಮೀಟರಿನಲ್ಲಿ 1600. ನಮ್ಮ ಬ್ರಾಡ್‌ಗೇಜ್ 1676. ಹಾಗಾಗಿ ಐರಿಷ್ ಎಂಜಿನ್ನು ನಮ್ಮ ಹಳಿಯ ಮೇಲೂ ನಿಲ್ಲದು, ಇಂಗ್ಲೆಂಡಿನ ಹಳಿಯ ಮೇಲೂ ನಿಲ್ಲದು. ಅದಕ್ಕೆ ನೆಂಟರೆಂದರೆ ಆಸ್ಟ್ರೇಲಿಯಾದ ವಿಕ್ಟೋರಿಯಾ, ದಕ್ಷಿಣ ಆಸ್ಟ್ರೇಲಿಯಾ, ಮತ್ತೆ ಬ್ರೆಜಿಲ್. ಪಕ್ಕದ ಮನೆಯವರೊಡನೆ ಹೊಂದದ ಈ ಅಗಲ ಮುಂದೆ ಏನೆಲ್ಲ ಮಾಡಿಸಿತು ಎಂಬುದು ನನಗೆ ಡಬ್ಲಿನ್ನಿನಲ್ಲಿ ತಿಳಿಯಿತು.

ಅದಕ್ಕೂ ಮೊದಲು ಪಶ್ಚಿಮದ ಕೆರಿ ಸೀಮೆಯ ಲಿಸ್ಟೋವೆಲ್‌ಗೆ ಹೋಗಿದ್ದೆ. ಅಲ್ಲಿ ಒಂದೇ ಹಳಿಯ ರೈಲಿತ್ತು. ಲಾರ್ತೀಗ್ ಎಂಬ ಫ್ರೆಂಚ್ ಎಂಜಿನಿಯರು ಅಲ್ಜೀರಿಯಾದ ಮರಳುಗಾಡಿನಲ್ಲಿ ಒಂಟೆಗಳು ಎರಡೂ ಪಕ್ಕೆಗೆ ಹೊರೆ ತೂಗಿಸಿಕೊಂಡು ನಡೆಯುವುದನ್ನು ಕಂಡು ಈ ಏರ್ಪಾಟನ್ನು ಯೋಚಿಸಿದನಂತೆ. ನೆಲದಿಂದ ಸುಮಾರು ಮೂರಡಿ ಎತ್ತರಕ್ಕೆ ಕಬ್ಬಿಣದ ಆಸರೆಗಾಲುಗಳ ಸಾಲು, ಅವುಗಳ ನೆತ್ತಿಯ ಮೇಲೆ ಒಂದೇ ಹಳಿ, ಅದರ ಎರಡು ಕಡೆಗೂ ಇಳಿಬಿದ್ದ ಡಬ್ಬಿಗಳು. ಇಂಗ್ಲೆಂಡಿನ ಹನ್ಸ್‌ಲೆಟ್ ಕಾರ್ಖಾನೆ ಇದಕ್ಕಾಗಿ ಮೂರು ಎಂಜಿನ್ ಕಟ್ಟಿಕೊಟ್ಟಿತು. ಒಂದೊಂದಕ್ಕೂ ಅವಳಿ ಬಾಯ್ಲರು, ಹಳಿಯ ಆಚೆಗೊಂದು, ಈಚೆಗೊಂದು. 1888ರಿಂದ 1924ರವರೆಗೆ ಇದು ಸಮುದ್ರ ದಂಡೆಯ ಬ್ಯಾಲಿಬನಿಯನ್‌ಗೆ ಒಂಬತ್ತು ಮೈಲಿ ಓಡಿತು. ಪ್ರತಿ ಪ್ರಯಾಣದಲ್ಲೂ ಎರಡು ಬದಿಯ ತೂಕ ಸರಿದೂಗಬೇಕು. ಬ್ಯಾಲಿಬನಿಯನ್‌ಗೆ ಒಂದು ಪಿಯಾನೋ ಸಾಗಿಸಬೇಕಾಗಿ ಬಂದಾಗ ಎದುರು ಬದಿಗೆ ಎರಡು ಕರುಗಳನ್ನು ಹತ್ತಿಸಿದರು, ಹಿಂದಿರುಗುವಾಗ ಆಚೆಗೊಂದು ಈಚೆಗೊಂದು ಕರು ಕಟ್ಟಿ ತಂದರು ಎಂಬ ಕತೆ ಆ ಊರಿನಲ್ಲಿ ಇಂದಿಗೂ ಓಡಾಡುತ್ತದೆ. ಅಡ್ಡದಾರಿ ಬಂದಲ್ಲಿ ಹಳಿಯನ್ನೇ ಎತ್ತುಸೇತುವೆ ಮಾಡಿದ್ದರು. ಜನರು ಹಳಿ ದಾಟಲೆಂದು ರೈಲಿಗೇ ಮೆಟ್ಟಿಲಿನ ಬಂಡಿಯೊಂದನ್ನು ಜೋಡಿಸುತ್ತಿದ್ದರು. ಈಗ ಅಲ್ಲಿ ಸ್ವಲ್ಪ ದೂರ ಮತ್ತೆ ಕಟ್ಟಿದ ಹಳಿಯ ಮೇಲೆ ಹಳೆಯದರ ರೂಪದ ಡೀಸೆಲ್ ಎಂಜಿನ್ ಓಡುತ್ತದೆ. ಮೂಲದ ಮೂರರಲ್ಲಿ ಒಂದೂ ಉಳಿದಿಲ್ಲ.

ಅದೇ ಸೀಮೆಯ ಟ್ರಾಲಿ ಎಂಬ ಊರಿನಲ್ಲಿ ರೈಲು ಹತ್ತಿ ಡಬ್ಲಿನ್ನಿಗೆ ಹೊರಟರೆ, ಹ್ಯೂಸ್ಟನ್ ನಿಲ್ದಾಣ ಇನ್ನೇನು ಬಂತು ಎನ್ನುವಾಗ ಕಿಟಕಿಯಾಚೆ ಇಂಚಿಕೋರ್ ಕಾರ್ಖಾನೆ ಬರುತ್ತದೆ. ಕಲ್ಲಿನ ಗೋಪುರ, ತೆನೆಗೋಡೆ ಇಟ್ಟುಕೊಂಡು ಕೋಟೆಯ ಹಾಗೆ ನಿಂತ ಕಟ್ಟಡ. 1846ರಲ್ಲಿ ಶುರುವಾದ ಈ ಕಾರ್ಖಾನೆಯಲ್ಲಿ ದೇಶದ ಅತಿ ದೊಡ್ಡ ಎಂಜಿನ್ನುಗಳು ಹುಟ್ಟಿದವು. ಅತಿ ವಿಚಿತ್ರವಾದದ್ದು ಹುಟ್ಟಿದ್ದೂ ಇಲ್ಲೇ. ಐರ್ಲೆಂಡಿನ ನೆಲದಲ್ಲಿ ಕಲ್ಲಿದ್ದಲು ಬಲು ಕಡಿಮೆ. ಉಗಿಯ ಕಾಲದುದ್ದಕ್ಕೂ ಅದು ಬ್ರಿಟನ್ನಿನಿಂದಲೇ ಹಡಗಿನಲ್ಲಿ ಬರಬೇಕಿತ್ತು. ಎರಡನೆಯ ಮಹಾಯುದ್ಧದಲ್ಲಿ ಐರ್ಲೆಂಡ್ ತಟಸ್ಥವಾಗಿ ಉಳಿಯಿತು, 1941ರ ಹೊತ್ತಿಗೆ ಒಳ್ಳೆಯ ಕಲ್ಲಿದ್ದಲು ಬರುವುದು ನಿಂತೇಹೋಯಿತು. ಬಂದ ಪುಡಿಯೂ ಕಸವೂ ಬೆಂಕಿಯಲ್ಲಿ ಉರಿಯುವ ಬದಲು ಕರಗಿ ಗಟ್ಟಿಯಾಗಿ ಜಾಲರಿಗೆ ಅಂಟುತ್ತಿತ್ತು. ರೈಲು ನಡುದಾರಿಯಲ್ಲಿ ನಿಲ್ಲುತ್ತಿತ್ತು. ಫೈರ್‌ಮನ್ ಒಲೆಯನ್ನು ಪೂರ್ತಿ ಬಳಿದು, ಹೊಸದಾಗಿ ಬೆಂಕಿ ಹೊತ್ತಿಸಿ, ಉಗಿ ಏರುವವರೆಗೆ ಕಾಯಬೇಕಿತ್ತು. ಪ್ರಯಾಣಿಕರೂ ಅವನ ಜೊತೆ ಕಾಯುತ್ತಿದ್ದರು.

ಈ ದೇಶದಲ್ಲಿ ಧಾರಾಳವಾಗಿ ಸಿಗುವುದು ಟರ್ಫ್. ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತ ಸಸ್ಯರಾಶಿಯನ್ನು ಇಟ್ಟಿಗೆಯಷ್ಟಗಲ ಕೊಯ್ದು ಒಣಗಿಸಿದರೆ ಅದೇ ಉರುವಲು. ಹಳ್ಳಿಯ ಒಲೆಗಳಲ್ಲಿ ತಲೆತಲಾಂತರದಿಂದ ಉರಿದದ್ದು ಅದೇ. ಇಂಗ್ಲೆಂಡಿನ ಸದರ್ನ್ ರೈಲ್ವೆಯಲ್ಲಿ ಹೆಸರು ಮಾಡಿ ಇಲ್ಲಿಗೆ ಬಂದ ಆಲಿವರ್ ಬುಲೀಡ್ ಎಂಬ ಎಂಜಿನಿಯರು, ದೇಶದ ಉರುವಲಿನಿಂದಲೇ ದೇಶದ ರೈಲು ಓಡಲಿ ಎಂದು 1957ರಲ್ಲಿ ಸಿಸಿ1 ಎಂಬ ಎಂಜಿನ್ನನ್ನು ಇಂಚಿಕೋರಿನಲ್ಲಿ ಕಟ್ಟಿಸಿದ. ಬಾಯ್ಲರು ನಡುವೆ, ಅದರ ಎರಡು ಕಡೆಗೂ ಚಾಲಕನ ಜಾಗ, ಕೆಳಗೆ ತಿರುಗುವ ಎರಡು ಗಾಲಿಚೌಕಟ್ಟುಗಳಲ್ಲಿ ಹನ್ನೆರಡು ಗಾಲಿ, ಹನ್ನೆರಡಕ್ಕೂ ಉಗಿಯ ಬಲ. ಹೊರಗಿನಿಂದ ನೋಡಿದರೆ ಡೀಸೆಲ್ ಎಂಜಿನ್ ಎಂದೇ ಅನ್ನಿಸಬೇಕು. ಅದು ಓಡಿತು. ಆದರೆ ಅಷ್ಟು ಹೊತ್ತಿಗೆ ನಿಜವಾದ ಡೀಸೆಲ್ ಎಂಜಿನ್ನುಗಳು ದೇಶಕ್ಕೆ ಬಂದಾಗಿತ್ತು. ಸಿಸಿ1 ನಿತ್ಯದ ಕೆಲಸಕ್ಕೆ ಸೇರಲೇ ಇಲ್ಲ, 1965ರಲ್ಲಿ ಗುಜರಿಗೆ ಹೋಯಿತು. ಒಂದು ದೇಶ ತನ್ನ ಮಣ್ಣನ್ನೇ ಉರಿಸಿ ರೈಲು ಓಡಿಸಲು ಹೊರಟ ಆ ಯಂತ್ರವನ್ನು ಹೀಗೆ ಕೈಬಿಟ್ಟದ್ದು ನನಗೆ ನಿಜಕ್ಕೂ ನೋವಿನ ಸಂಗತಿ. ಇಂದು ಅದನ್ನು ಮೂರು ಆಯಾಮದಲ್ಲಿ ಕಾಣಬೇಕೆಂದರೆ ಮಾದರಿ ಮಾಡುವವರ ಮೇಜಿನ ಮುಂದೆ ನಿಲ್ಲಬೇಕು.

ಅಂಥವರಲ್ಲಿ ಮೊದಲಿಗೆ ನೆನೆಯಬೇಕಾದವರು ಸಿರಿಲ್ ಫ್ರೈ. ಇಂಚಿಕೋರ್ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಕೆಲಸ. ಹಗಲೆಲ್ಲ ಆಫೀಸಿನಲ್ಲಿ ನಿಜವಾದ ಎಂಜಿನ್ನುಗಳ ನಕ್ಷೆ, ರಾತ್ರಿ ಮನೆಯಲ್ಲಿ ಅವೇ ಎಂಜಿನ್ನುಗಳು ಪುಟ್ಟ ಗಾತ್ರದಲ್ಲಿ. ಅಡಿಗೆ ಏಳು ಮಿಲಿಮೀಟರಿನ ಲೆಕ್ಕದಲ್ಲಿ, ದಶಕಗಳ ಕಾಲ, ಎಂಜಿನ್ನು, ಬೋಗಿ, ಗೂಡ್ಸ್ ವ್ಯಾಗನ್, ಟ್ರಾಮ್ ಎಲ್ಲವನ್ನೂ ಕೈಯಿಂದಲೇ ಮಾಡಿದರು. ಅವರು ತೀರಿಕೊಂಡದ್ದು 1972ರಲ್ಲಿ. ಆ ಸಂಗ್ರಹ ಬಹುಕಾಲ ಮ್ಯಾಲಹೈಡ್ ಕೋಟೆಯ ಆವರಣದಲ್ಲಿತ್ತು. ಈಗ ಅದೇ ಊರಿನ ರೈಲು ನಿಲ್ದಾಣದ ಹತ್ತಿರ, ಹುಲ್ಲುಮಾಡಿನ ಹಳೆಯ ಕಟ್ಟಡವೊಂದರಲ್ಲಿ ಕ್ಯಾಸಿನೋ ಮಾಡೆಲ್ ರೈಲ್ವೆ ಮ್ಯೂಸಿಯಂ ಎಂಬ ಹೆಸರಿನಲ್ಲಿ 2020ರಿಂದ ತೆರೆದಿದೆ. ಹೆಸರು ಕೇಳಿ ಜೂಜುಕಟ್ಟೆ ಎಂದುಕೊಳ್ಳಬೇಕಿಲ್ಲ, ಆ ಕಟ್ಟಡಕ್ಕೆ ಮೊದಲಿನಿಂದ ಇದ್ದ ಹೆಸರೇ ಅದು. ಡಬ್ಲಿನ್ನಿನಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯ ದಾರಿ.

ಫ್ರೈ ಅವರ ಎಂಜಿನ್ನುಗಳು ಗಾಜಿನ ಕಪಾಟಿನಲ್ಲಿವೆ. ನಾಜೂಕಾದ ವಸ್ತುಗಳು, ಹಾಗಾಗಿ ಓಡಿಸುವುದಿಲ್ಲ. ಪಕ್ಕದ ಕೋಣೆಯಲ್ಲಿ ಮಕ್ಕಳಿಗಾಗಿ ಓಡುವ ರೈಲುಗಳು ಬೇರೆ. ನಾನು ಕಪಾಟಿನ ಮುಂದೆಯೇ ಉಳಿದೆ. ಅಲ್ಲಿರುವ ಹಲವು ಎಂಜಿನ್ನುಗಳ ಮೂಲ ಈಗ ಭೂಮಿಯ ಮೇಲಿಲ್ಲ. ಅವು ಇದ್ದ ಕಾಲದಲ್ಲೇ ಮಾಡಿದ ಪ್ರತಿಗಳು ಇವು. ಮೆಟ್ಟಿಲ ಹಿಡಿಕೆ ಎಲ್ಲಿತ್ತು, ಮರಳು ಪೆಟ್ಟಿಗೆಯ ಮುಚ್ಚಳ ಯಾವ ಕಡೆಗೆ ತೆರೆಯುತ್ತಿತ್ತು ಎಂಬುದನ್ನು ಫೋಟೋ ನೋಡಿ ಊಹಿಸಿ ಮಾಡಿದ್ದಲ್ಲ. ದಾಖಲೆ ಎಂದು ನಾನು ಕರೆಯುವುದು ಇಂಥದನ್ನು.

ಡಬ್ಲಿನ್ನಿನ ಒಂದು ಚರ್ಚಿನ ಸಭಾಂಗಣದಲ್ಲಿ ವಾರಾಂತ್ಯಕ್ಕೆ ಮಾದರಿ ರೈಲುಗಳ ಪ್ರದರ್ಶನವಿತ್ತು. ಇಂಗ್ಲೆಂಡಿನಲ್ಲಿ ಈ ಹವ್ಯಾಸ ಹಿಡಿದವನು ಅಂಗಡಿಗೆ ಹೋಗಿ ಪೆಟ್ಟಿಗೆ ತೆರೆದರೆ ಸಾಕು, ಬೇಕೆಂದ ಎಂಜಿನ್ನು ಬಣ್ಣ ಬಳಿದುಕೊಂಡು ಸಿದ್ಧವಾಗಿರುತ್ತದೆ. ಐರಿಷ್ ಉಗಿ ಎಂಜಿನ್ನಿಗೆ ಆ ಭಾಗ್ಯ ಅಪರೂಪ. ಕೊಳ್ಳುವವರು ಕಡಿಮೆ, ದೊಡ್ಡ ತಯಾರಕರಿಗೆ ಲಾಭವಿಲ್ಲ. ಅದಕ್ಕಿಂತ ದೊಡ್ಡ ತೊಡಕು ಆ ಐದಡಿ ಮೂರಂಗುಲ. ಹೆಚ್ಚು ಜನ ಬಳಸುವ ಅಳತೆಯಲ್ಲಿ ಒಂದು ಅಡಿಗೆ ನಾಲ್ಕು ಮಿಲಿಮೀಟರ್. ಆದರೆ ಅಂಗಡಿಯಲ್ಲಿ ಸಿಗುವ ಹಳಿಯ ಅಗಲ 16.5 ಮಿಲಿಮೀಟರ್, ಎಂದರೆ ನಾಲ್ಕಡಿ ಒಂದೂವರೆ ಅಂಗುಲ. ಇಂಗ್ಲೆಂಡಿನ ಎಂಜಿನ್ನಿಗೇ ಅದು ಇಕ್ಕಟ್ಟು. ಐರಿಷ್ ಎಂಜಿನ್ನಿಗಂತೂ ಒಂದು ಅಡಿಗಿಂತಲೂ ಹೆಚ್ಚು ಕೊರತೆ. ಅಗಲವಾದ ಮೈಯ ಕೆಳಗೆ ಗಾಲಿಗಳೆಲ್ಲ ಒಳಕ್ಕೆ ಸರಿದು, ಮುಂದಿನಿಂದ ನೋಡಿದರೆ ರೂಪವೇ ಕೆಡುತ್ತದೆ. ಸರಿಯಾದ ಅಗಲ ಬೇಕೆಂದರೆ 21 ಮಿಲಿಮೀಟರ್. ಆ ಅಗಲದ ಹಳಿಯನ್ನೂ ಆ ಅಗಲಕ್ಕೆ ಸಾಕಾಗುವಷ್ಟು ಉದ್ದದ ಅಚ್ಚನ್ನೂ ತಾವೇ ಮಾಡಿಕೊಳ್ಳಬೇಕು.

ಅಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ 21 ಮಿಲಿಮೀಟರಿನ ಹಳಿಯ ಮುಂದೆ ಕುಳಿತಿದ್ದರು. ಅವರು ಮಾಡುತ್ತಿದ್ದದ್ದು 101 ವರ್ಗದ ಎಂಜಿನ್ನು. ಜೆ15 ಎಂದೂ ಅದಕ್ಕೆ ಹೆಸರು. ಐರ್ಲೆಂಡಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ಕಟ್ಟಿದ ವರ್ಗ ಅದು, 1866ರಿಂದ 1903ರವರೆಗೆ ಒಟ್ಟು 111. ಆರು ಗಾಲಿಯ, ಸರಳ, ಗಟ್ಟಿ ಎಂಜಿನ್ನು. ಗೂಡ್ಸ್ ಎಳೆಯಿತು, ಜಾತ್ರೆಯ ಜನರನ್ನು ಹೊತ್ತಿತು, ಉಗಿಯ ಕೊನೆಯ ದಿನಗಳವರೆಗೂ ದುಡಿಯಿತು.

“ಇದರ ಮೈ ಬರುವುದು ಹೀಗೆ” ಎಂದು ಅವರು ಒಂದು ಹಿತ್ತಾಳೆ ತಗಡು ತೋರಿಸಿದರು. ತೆಳುವಾದ ತಗಡಿನಲ್ಲಿ ಎಂಜಿನ್ನಿನ ಎಲ್ಲ ಭಾಗಗಳ ಆಕಾರ ಆಮ್ಲದಿಂದ ಕೊರೆದಿತ್ತು. ಮಡಚಬೇಕಾದ ಕಡೆ ಅರ್ಧ ಆಳಕ್ಕೆ ಮಾತ್ರ ಕೊರೆದ ಗೆರೆ. ರಿವೆಟ್ ಬರಬೇಕಾದ ಕಡೆ ಹಿಂಬದಿಯಲ್ಲಿ ಚುಕ್ಕಿ, ಅದನ್ನು ಮೊನೆಯಿಂದ ಒತ್ತಿದರೆ ಮುಂಬದಿಯಲ್ಲಿ ರಿವೆಟ್ಟಿನ ತಲೆ ಏಳುತ್ತದೆ. ಒಂದೊಂದನ್ನೂ ಹಾಗೆಯೇ ಒತ್ತಬೇಕು. ಆಮೇಲೆ ಬೆಸುಗೆ. ಮೊದಲ ಕೂಡಿಕೆಗಳಿಗೆ 188 ಡಿಗ್ರಿಯಲ್ಲಿ ಕರಗುವ ಬೆಸುಗೆ ಲೋಹ, ಅದರ ಪಕ್ಕದವುಗಳಿಗೆ 145 ಡಿಗ್ರಿಯದು. ಎರಡನೆಯದನ್ನು ಹಾಕುವಾಗ ಮೊದಲನೆಯದು ಕಳಚಿಕೊಳ್ಳಬಾರದಲ್ಲ, ಅದಕ್ಕೆ. ಚಿಮಣಿ, ಗುಮ್ಮಟದಂಥ ಎರಕದ ಭಾಗಗಳು ಬಿಳಿಲೋಹದವು, ಬಿಸಿ ಮುಟ್ಟಿದರೆ ಅವೇ ಕರಗಿಹೋಗುತ್ತವೆ. ಅವಕ್ಕೆ 70 ಡಿಗ್ರಿಯ ಬೆಸುಗೆ.

ಗಾಲಿ ಕೂಡಿಸುವುದು ಇದಕ್ಕಿಂತ ಸೂಕ್ಷ್ಮ. ನಿಜವಾದ ಗಾಲಿ ಐದಡಿ ಒಂದೂಮುಕ್ಕಾಲು ಅಂಗುಲ ಎತ್ತರ, ಮಾದರಿಯಲ್ಲಿ ಇಪ್ಪತ್ತೂವರೆ ಮಿಲಿಮೀಟರ್. ಎಂಜಿನ್ನಿನ ಒಂದು ಪಕ್ಕದ ಗಾಲಿಗಳ ಕ್ರ್ಯಾಂಕ್ ಮೇಲಕ್ಕಿದ್ದರೆ ಇನ್ನೊಂದು ಪಕ್ಕದ್ದು ಅದಕ್ಕೆ ಕಾಲು ಸುತ್ತು ಹಿಂದೆ ಅಥವಾ ಮುಂದೆ ಇರಬೇಕು. ನಿಜವಾದ ಎಂಜಿನ್ನಿನಲ್ಲಿ ಒಂದು ಪಿಸ್ಟನ್ ಕೊನೆ ಮುಟ್ಟಿ ಬಲ ಕಳೆದುಕೊಂಡಾಗ ಇನ್ನೊಂದು ಎಳೆಯಲೆಂದು ಈ ಏರ್ಪಾಟು. ಮೂರು ಅಚ್ಚುಗಳಲ್ಲೂ ಈ ಕೋನ ಒಂದೇ ಆಗಿರದಿದ್ದರೆ ಗಾಲಿಗಳನ್ನು ಜೋಡಿಸುವ ಸರಳು ಬಿಗಿದು ಎಂಜಿನ್ನು ಕುಂಟುತ್ತದೆ.

“ಅಗಲ ಹಳಿಯಿಂದ ಬರೀ ಕಷ್ಟವೇ?” ಎಂದು ಕೇಳಿದೆ.

“ಇಲ್ಲ ಇಲ್ಲ, ಒಂದು ಅನುಕೂಲವಿದೆ ನೋಡಿ” ಎಂದು ಅವರು ಎಂಜಿನ್ನನ್ನು ಮಗುಚಿ ಹಿಡಿದರು. “ಎರಡು ಚೌಕಟ್ಟುಗಳ ನಡುವೆ ಎಷ್ಟು ಜಾಗ! ಮೋಟರು ಆರಾಮವಾಗಿ ಕೂರುತ್ತದೆ. ಇಂಗ್ಲೆಂಡಿನವರಿಗೆ ಈ ಸುಖವಿಲ್ಲ.”

ಪಕ್ಕದ ಮೇಜಿನಲ್ಲಿ ಡೊನೆಗಾಲ್ ಸೀಮೆಯ ಸಣ್ಣ ರೈಲು ಓಡುತ್ತಿತ್ತು. ಐರ್ಲೆಂಡಿನ ಬಡ, ಬೆಟ್ಟದ ಸೀಮೆಗಳಲ್ಲಿ ಮೂರಡಿಯ ನ್ಯಾರೋಗೇಜ್ ಮಾರ್ಗಗಳು ಹಲವಿದ್ದವು: ಡೊನೆಗಾಲ್, ಟ್ರಾಲಿ–ಡಿಂಗಲ್, ವೆಸ್ಟ್ ಕ್ಲೇರ್. ಇವುಗಳ ಮಾದರಿ ಮಾಡುವವರಿಗೆ ಅಂಕಗಣಿತ ಒಲಿದಿದೆ. ಅಡಿಗೆ ನಾಲ್ಕು ಮಿಲಿಮೀಟರಾದರೆ ಮೂರಡಿಗೆ 12, ಆ ಅಗಲದ ಹಳಿ ಅಂಗಡಿಯಲ್ಲಿದೆ. ಅಡಿಗೆ ಐದೂವರೆ ಮಿಲಿಮೀಟರಾದರೆ 16.5, ಅದೂ ಇದೆ. ದೊಡ್ಡ ರೈಲಿಗೆ ಹೊಂದದ ಹಳಿ ಸಣ್ಣ ರೈಲಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ.

ಡಬ್ಲಿನ್ನಿನಿಂದ ಬೆಲ್‌ಫಾಸ್ಟ್‌ಗೆ ಹೋಗುವ ಎಂಟರ್‌ಪ್ರೈಸ್ ರೈಲು ಡ್ರೊಹೆಡಾದಲ್ಲಿ ಬಾಯ್ನ್ ನದಿಯನ್ನು ಬಹಳ ಎತ್ತರದ ಸೇತುವೆಯ ಮೇಲೆ ದಾಟುತ್ತದೆ. 1855ರ ಸೇತುವೆ, 1932ರಲ್ಲಿ ಅದರ ಕಬ್ಬಿಣದ ಭಾಗವನ್ನು ಹೊಸದಾಗಿ ಕಟ್ಟಿದರು. ಹಳೆಯ ತೊಲೆಗಳು ಭಾರ ತಾಳದೆ ಅಲ್ಲಿಯವರೆಗೆ ದೊಡ್ಡ ಎಂಜಿನ್ನು ಈ ಮಾರ್ಗದಲ್ಲಿ ಓಡುವಂತಿರಲಿಲ್ಲ. ಸೇತುವೆ ಗಟ್ಟಿಯಾದ ವರ್ಷವೇ ಗ್ರೇಟ್ ನಾರ್ದರ್ನ್ ಕಂಪನಿ ಬೇಯರ್ ಪೀಕಾಕ್ ಕಾರ್ಖಾನೆಯಿಂದ ಐದು ಹೊಸ ಎಂಜಿನ್ ತರಿಸಿತು. ಈಗಲ್, ಫಾಲ್ಕನ್, ಮರ್ಲಿನ್, ಪೆರಿಗ್ರಿನ್, ಕೆಸ್ಟ್ರೆಲ್. ಐದಕ್ಕೂ ಬೇಟೆಹಕ್ಕಿಗಳ ಹೆಸರು, ಮುಂದೆ ಬಳಿದ ತಿಳಿಯಾದ ಆಕಾಶನೀಲಿ ಬಣ್ಣ, ಕೆಳಚೌಕಟ್ಟಿಗೆ ಕಡುಕೆಂಪು. ಒಂದು ಸಿಲಿಂಡರಿನಲ್ಲಿ ದುಡಿದು ಹೊರಬಿದ್ದ ಉಗಿ ಇನ್ನೆರಡು ಸಿಲಿಂಡರಿನಲ್ಲಿ ಮತ್ತೆ ದುಡಿಯುವಂಥ ಯಂತ್ರಗಳು. ಉಳಿದಿರುವುದು 85ನೆಯ ಸಂಖ್ಯೆಯ ಮರ್ಲಿನ್ ಒಂದೇ. ಆ ನೀಲಿಯ ನಿಜವಾದ ಛಾಯೆ ಯಾವುದು ಎಂಬ ಚರ್ಚೆ ಡಬ್ಲಿನ್ನಿನ ಪ್ರದರ್ಶನದಲ್ಲಿ ಜೋರಾಗಿಯೇ ನಡೆದಿತ್ತು. ಬಣ್ಣದ ಡಬ್ಬಿ ಹಿಡಿದು ಕೂತವನಿಗೆ ಅದು ಸಣ್ಣ ಪ್ರಶ್ನೆಯಲ್ಲ.

ಬೆಲ್‌ಫಾಸ್ಟ್ ಹೊರವಲಯದ ಕಲ್ಟ್ರಾದಲ್ಲಿರುವ ಮ್ಯೂಸಿಯಂನ ರೈಲು ಸಭಾಂಗಣಕ್ಕೆ ಕಾಲಿಟ್ಟಾಗ ಎದುರಾದದ್ದು ‘ಮೇವ್’. ಸಂಖ್ಯೆ 800. ಇಂಚಿಕೋರಿನಲ್ಲಿ 1939ರಲ್ಲಿ ಮುಗಿದ, ಐರ್ಲೆಂಡಿನ ಅತ್ಯಂತ ಬಲಶಾಲಿ ಪ್ರಯಾಣಿಕ ಎಂಜಿನ್ನು. ಮೂರು ಸಿಲಿಂಡರು, ಆರಡಿ ಏಳಂಗುಲದ ಗಾಲಿ, ಮೈಗೆಲ್ಲ ಹಸಿರು. ನನಗಿಂತ ಎತ್ತರದ ಆ ಗಾಲಿಯ ಪಕ್ಕ ನಿಂತು ಮೇಲೆ ನೋಡಿದರೆ ಹೆಸರಿನ ಫಲಕ ಹಳೆಯ ಐರಿಷ್ ಲಿಪಿಯಲ್ಲಿದೆ. ಮೇವ್ ಎಂದರೆ ಕೊನಾಕ್ಟ್ ಸೀಮೆಯ ಪುರಾಣದ ರಾಣಿ, ಗಂಡನ ಬಳಿಯಿದ್ದಂಥ ಒಂದು ಹೋರಿ ತನಗೂ ಬೇಕೆಂದು ಅಲ್ಸ್ಟರ್ ಮೇಲೆ ದಂಡೆತ್ತಿ ಹೋದವಳು. ಜೊತೆಗೆ ಕಟ್ಟಿದ ಇನ್ನೆರಡು ಎಂಜಿನ್ನುಗಳು ಮಾಖ ಮತ್ತು ತಾಲ್ಟೆ. ಸ್ವತಂತ್ರವಾಗಿ ಎರಡು ದಶಕವೂ ತುಂಬಿರದ ದೇಶ ತನ್ನ ಕಾರ್ಖಾನೆಯಲ್ಲಿ, ತನ್ನ ರಾಣಿಯರ ಹೆಸರಿನಲ್ಲಿ, ತನ್ನ ಲಿಪಿಯಲ್ಲಿ ಬರೆದು ನಿಲ್ಲಿಸಿದ ಯಂತ್ರಗಳು ಇವು. ಡಬ್ಲಿನ್–ಕಾರ್ಕ್ ಮೇಲ್ ಗಾಡಿಯನ್ನು ವೇಗವಾಗಿ ಎಳೆಯಲೆಂದು ಹುಟ್ಟಿದವು. ಹುಟ್ಟಿದ ಮರುವರ್ಷಗಳಲ್ಲೇ ಕಲ್ಲಿದ್ದಲಿನ ಬರ ಬಂತು. ಯುದ್ಧ ಮುಗಿದು ಸ್ವಲ್ಪ ಕಾಲಕ್ಕೆ ಡೀಸೆಲ್ ಬಂತು. ಅವುಗಳ ಪೂರ್ಣ ಶಕ್ತಿಯನ್ನು ಜನ ಕಂಡ ದಿನಗಳು ಬಹಳ ಕಡಿಮೆ. ಮಾಖ, ತಾಲ್ಟೆ ಎರಡೂ ಗುಜರಿಗೆ ಹೋದವು. ಮೂವರು ರಾಣಿಯರನ್ನು ಒಟ್ಟಿಗೆ ನಿಲ್ಲಿಸುವುದು ಈಗ ಮಾದರಿ ಮಾಡುವವರಿಗೆ ಮಾತ್ರ ಸಾಧ್ಯ.

ಅಲ್ಲಿಂದ ಬೆಲ್‌ಫಾಸ್ಟ್‌ಗೆ ಬಂದು ಲಾರ್ನ್ ಮಾರ್ಗದ ರೈಲು ಹಿಡಿದರೆ ಕಡಲ ಕೊಲ್ಲಿಯ ದಂಡೆಯಲ್ಲೇ ವೈಟ್‌ಹೆಡ್. ಒಂದು ಕಾಲಕ್ಕೆ ಬೆಲ್‌ಫಾಸ್ಟಿನ ಜನ ರಜೆಗೆ ರೈಲು ತುಂಬಿ ಬರುತ್ತಿದ್ದ ಪುಟ್ಟ ಊರು. ಆ ರಜಾ ರೈಲುಗಳಿಗೆಂದೇ ಕಟ್ಟಿದ ನಿಲ್ದಾಣ ಈಗ ರೈಲ್ವೆ ಪ್ರಿಸರ್ವೇಷನ್ ಸೊಸೈಟಿ ಆಫ್ ಐರ್ಲೆಂಡ್ ಎಂಬ ಸಂಘದ ನೆಲೆ. ಸಂಘ ಹುಟ್ಟಿದ್ದು 1964ರಲ್ಲಿ. ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವವರು. 1879ರ ಜೆ15 ಒಂದು, 1913ರ ‘ಸ್ಲೀವ್ ಗಲ್ಲಿಯನ್’, ಡಂಡಾಕ್ ನಿಲ್ದಾಣದಲ್ಲಿ ವರ್ಷಗಟ್ಟಲೆ ಕಟ್ಟೆಯ ಮೇಲೆ ನಿಂತು, ಆಮೇಲೆ ಇವರ ಕೈಯಲ್ಲಿ ಮತ್ತೆ ಉಗಿ ಹಿಡಿದ 131, ಗಿನ್ನೆಸ್ ಬಿಯರ್ ಕಾರ್ಖಾನೆ ಕೊಟ್ಟ ಪುಟ್ಟ ಎಂಜಿನ್ನು, ಎಲ್ಲವೂ ಇವರವು. ಶೆಡ್ಡಿನೊಳಗೆ ಎಣ್ಣೆ, ಕಲ್ಲಿದ್ದಲು, ಕಾದ ಕಬ್ಬಿಣದ ವಾಸನೆ. ಲೇತಿನ ಮೇಲೆ ತಿರುಗುತ್ತಿದ್ದ ಗಾಲಿಯೊಂದು ನನ್ನ ಭುಜದೆತ್ತರವಿತ್ತು.

ಅಲ್ಲಿನ ನಾಲ್ಕನೆಯ ಸಂಖ್ಯೆಯ ಎಂಜಿನ್ನಿಗೆ ಒಂದು ವಿಶೇಷವಿದೆ. 1947ರಲ್ಲಿ ಇಂಗ್ಲೆಂಡಿನ ಡಾರ್ಬಿಯಲ್ಲಿ ಕಟ್ಟಿದ ಇದರ ವರ್ಗಕ್ಕೆ ರೈಲಿನವರು ‘ಜೀಪ್’ ಎಂದು ಹೆಸರಿಟ್ಟಿದ್ದರು. ಬೆಲ್‌ಫಾಸ್ಟಿನ ಹೊರಗೆ ಹೆದ್ದಾರಿಗಾಗಿ ಕಡಲ ದಂಡೆಯನ್ನು ತುಂಬಿಸಬೇಕಾದಾಗ, ಮ್ಯಾಗರಮೋರ್ನಿನಿಂದ ಕಲ್ಲುಮಣ್ಣು ಹೊತ್ತ ಗಾಡಿಗಳನ್ನು ಈ ಜೀಪುಗಳು ಹಿಂದೊಂದು ಮುಂದೊಂದಾಗಿ ನಿಂತು 1970ರವರೆಗೆ ಎಳೆದವು. ಬ್ರಿಟನ್ನಿನ ಮುಖ್ಯ ಮಾರ್ಗಗಳಲ್ಲಿ ಉಗಿ ಮುಗಿದದ್ದು 1968ರಲ್ಲಿ. ಇಲ್ಲಿ ಅದಾದ ಮೇಲೂ ಎರಡು ವರ್ಷ ಹೊಗೆ ಎದ್ದಿತು.

ಶೆಡ್ಡಿನಲ್ಲಿ ಒಬ್ಬರು ಉಕ್ಕಿನ ಭಾಗಗಳನ್ನು ತೋರಿಸಿ, “ಇದು ರಿಪೇರಿ ಅಲ್ಲ, ಹೊಸ ಎಂಜಿನ್ನು” ಎಂದರು. 1933ರಿಂದ 1942ರವರೆಗೆ ಬೆಲ್‌ಫಾಸ್ಟಿನ ನಾರ್ದರ್ನ್ ಕೌಂಟೀಸ್ ಕಮಿಟಿ (ಎನ್‌ಸಿಸಿ) ರೈಲ್ವೆಗೆ ‘ಮೊಗಲ್’ ಮಾದರಿಯ ಹದಿನೈದು ಎಂಜಿನ್ನು ಬಂದಿದ್ದವು, 90ರಿಂದ 104ರವರೆಗಿನ ಸಂಖ್ಯೆಯವು. ಹದಿನೈದರಲ್ಲಿ ಒಂದನ್ನೂ ಉಳಿಸಿಕೊಳ್ಳಲಿಲ್ಲ. ಜೀಪ್ ಮತ್ತು ಮೊಗಲ್ ಒಂದೇ ವಂಶದವು, ಹಲವು ಭಾಗಗಳು ಒಂದಕ್ಕೊಂದು ಹೊಂದುತ್ತವೆ. ಅಷ್ಟನ್ನು ಕೈಯಲ್ಲಿಟ್ಟುಕೊಂಡು, ಹಳೆಯ ನಕ್ಷೆಗಳನ್ನು ಬಿಚ್ಚಿ, ಇವರು ಹದಿನಾರನೆಯದನ್ನು ಕಟ್ಟಲು ಹೊರಟಿದ್ದಾರೆ. ಡಬ್ಲಿನ್ನಿನ ಮೇಷ್ಟ್ರು ಹಿತ್ತಾಳೆ ತಗಡಿನಲ್ಲಿ ಮಾಡುತ್ತಿದ್ದ ಕೆಲಸವೇ ಇದು, ಇಲ್ಲಿ ಅಡಿಗೆ ಅಡಿ, ಅಂಗುಲಕ್ಕೆ ಅಂಗುಲ. ಹೊಸದಕ್ಕೆ ಗೊತ್ತುಮಾಡಿರುವ ಸಂಖ್ಯೆ 105. ಯಾವಾಗ ಓಡುತ್ತದೆ ಎಂದು ಕೇಳಿದೆ. ಇನ್ನೂ ಬಹಳ ಕೆಲಸವಿದೆ, ಅದಕ್ಕೆ ಹಣವೂ ಕೂಡಬೇಕು ಎಂದು ಹೇಳಿ ಅವರು ಕೈಗವಸು ಹಾಕಿಕೊಂಡರು.